ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟಿಗೆ ಆಷಾಢನ ಚಲೋ

ಹೋದ ವೈಶಾಖದಾಗ ಒಂದಿನ ಮುಂಜಾನೆ ಆರೂವರಿಗೆ ಗದಗದಿಂದ ಫೋನ್ ಬಂತು, ನಮ್ಮ ಸೋದರತ್ತಿ ಮಗ, ಬೆಟಗೇರಿಯಾಗ ಫೋಟೋ ಸ್ಟುಡಿಯೋ ಐತಿ ಅವಂದು. "ಅಣ್ಣಾ, ಟೈಮ್‌ಲೈನ್ ಪ್ಲೇ ಮಾಡಿದ ಕೂಡ್ಲೆ ಸ್ಕ್ರೀನ್ ಕರ್ರಗಾಗಿ ಬಿಡ್ತೈತಿ, ಸಂಜೀಕ ಪಾರ್ಟಿ ಲಗ್ನದ ವಿಡಿಯೋ ಒಯ್ಯಾಕ ಬರ್ತಾರ, ಏನ್ ಮಾಡ್ಲಿ" ಅಂದ. ನಿನ್ನೆ ರಾತ್ರಿ ಏನಾರ ಹೊಸಾದು ಹಾಕಿದ್ಯೇನು ಅಂತ ಕೇಳಿದೆ, ಇಲ್ಲಣ್ಣಾ ಅಂದ. ಮತ್ತೊಮ್ಮಿ ಕೇಳಿದೆ. ಅವಾಗ ಹೇಳಿದ, ಮಲಗೂ ಮುಂದ ಮೂಲ್ಯಾಗ ಹೊಸ ಡ್ರೈವರ್ ಬಂದೈತಿ ಅಂತ ತೋರಿಸ್ತು, ಹೂಂ ಅಂತ ಒತ್ತಿ ಮಲಗಿಬಿಟ್ಟೆ ಅಂತ.

ಫೋನ್‌ನಾಗ ಹೇಳ್ಕೋತ ಹೇಳ್ಕೋತ ಹಳೇ ಡ್ರೈವರಿಗೆ ವಾಪಸ್ ತಂದ್ವಿ. ಸ್ಟಾರ್ಟ್ ಬಟನ್ ಮ್ಯಾಲ ರೈಟ್ ಕ್ಲಿಕ್ ಮಾಡು, ಡಿವೈಸ್ ಮ್ಯಾನೇಜರ್ ತಗಿ, ಅದರಾಗ ಡಿಸ್‌ಪ್ಲೇ ಅಡಾಪ್ಟರ್ಸ್ ಅಂತ ಐತಿ ನೋಡು ಅದನ್ನ ಬಿಚ್ಚು, ಪರದೆಗೆ ಚಿತ್ರ ಕೊಡೋ ಗ್ರಾಫಿಕ್ಸ್ ಕಾರ್ಡಿನ ಹೆಸರಿನ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ಅಲ್ಲಿ ರೋಲ್ ಬ್ಯಾಕ್ ಡ್ರೈವರ್ ಅನ್ನೋ ಬಟನ್ ಒತ್ತು. ಯಾಕ ಅಂತ ಕಾರಣ ಕೇಳ್ತೈತಿ, ಯಾವ್ದಾರ ಒಂದಕ್ಕ ಟಿಕ್ ಹಾಕು, ಯಸ್ ಅನ್ನು. ಪರದೆ ಎರಡ್ಮೂರು ಸಲ ಮಿಣುಕಿತು, ರೀಸ್ಟಾರ್ಟ್ ಮಾಡಿಸಿದೆ, ಒಂಬತ್ತಕ್ಕ ಎಕ್ಸ್‌ಪೋರ್ಟ್ ಹಚ್ಚಿದ, ಸಂಜೀಕ ಪೆನ್‌ಡ್ರೈವ್ ಕೊಟ್ಟು ಕಳಿಸಿದ. ಆ ಬಟನ್ ಅವತ್ತು ಒತ್ತಾಕ ಬರೋ ಹಂಗ ಇತ್ತು ಅಂತ ಪಾರಾದ್ವಿ. ಕ್ಲೀನ್ ಇನ್‌ಸ್ಟಾಲ್ ಅಂತ ಹಳೇದನ್ನ ಪೂರಾ ಕಿತ್ತು ಹೊಸದು ಹಾಕಿದ್ರ ಅದು ಮಾಸಿದ ಬಣ್ಣದಾಗ ಸುಮ್ಮ ಕುಂತಿರ್ತೈತಿ, ಒತ್ತಿದ್ರ ಏನೂ ಆಗೂದಿಲ್ಲ.

ನಾನು ಹುಬ್ಬಳ್ಳಿಯಾಗ ಲಗ್ನದ ವಿಡಿಯೋ ಎಡಿಟಿಂಗ್ ಮಾಡಾಂವ, ಜೊತಿಗೆ ಓಣ್ಯಾಗಿನವರ, ದೋಸ್ತರ ಪಿಸಿ ರಿಪೇರಿನೂ ನೋಡ್ತೀನಿ. ಇಂಥಾ ಫೋನ್ ಸೀಸನ್‌ನಾಗ ಭಾಳ ಬರ್ತಾವು, ಅದೂ ಸರಿಯಾಗಿ ಕೆಲಸ ತುಂಬಿ ಬಂದ ದಿನಾನ ಬರ್ತಾವು. ಅದಕ್ಕ ಒಂದ್ಸಲ ಎಲ್ಲಾ ಕೂಡಿಸಿ ಬರದ್ರ ಸ್ಟುಡಿಯೋದವರಿಗೆ, ಪ್ರಿಂಟಿಂಗ್ ಪ್ರೆಸ್‌ನವರಿಗೆ, ಗೇಮ್ ಆಡೋ ಹುಡುಗರಿಗೆ ಎಲ್ಲಾರಿಗೂ ಉಪಯೋಗ ಆಗ್ಲಿ ಅಂತ ಬರ್ಯಾಕ ಕುಂತೀನಿ. ವಿಂಡೋಸ್ 10 ಮತ್ತ 11 ಇಟ್ಕೊಂಡ ಹೇಳ್ತೀನಿ.

ಮೊದಲು ಡ್ರೈವರ್‌ದ ತಪ್ಪೋ ಅಲ್ಲೋ ನೋಡ್ರಿ

ಸ್ಕ್ರೀನ್ ಕೆಟ್ಟಿತು ಅಂದ ಕೂಡ್ಲೆ ಡ್ರೈವರ್ ಮ್ಯಾಲ ಹಾಕಬ್ಯಾಡ್ರಿ. ಡ್ರೈವರ್ ಅನ್ನೋದು ವಿಂಡೋಸ್ ಹೇಳಿದ್ದನ್ನ ಕಾರ್ಡಿಗೆ ತಿಳಿಯೋ ಹಂಗ ಹೇಳೋ ಸಾಫ್ಟ್‌ವೇರ್, ವಿಂಡೋಸ್ ಎದ್ದ ಮ್ಯಾಲ ಅದರ ಕೆಲಸ ಚಾಲೂ ಆಗ್ತೈತಿ. ಇದೊಂದು ತಲ್ಯಾಗ ಇಟ್ಕೊಂಡ್ರ ಅರ್ಧಾ ಪತ್ತೆ ಆದಂಗ. ಪಿಸಿ ಆನ್ ಮಾಡಿದ ಕೂಡ್ಲೆ ಕಂಪನಿ ಲೋಗೋ ಬರ್ತೈತಲ್ರಿ, ಇಲ್ಲಾ ಡಿಲೀಟ್ ಒತ್ತಿ ಬಯಾಸ್, ಅಂದ್ರ ವಿಂಡೋಸ್ ಏಳೋ ಮೊದಲಿನ ಸೆಟ್ಟಿಂಗ್ ಪರದೆ ಒಳಗ ಹೋಗ್ತೀರಲ್ಲ, ಆ ಪರದೆಮ್ಯಾಲ ಕೆಂಪು ಹಸಿರು ಚುಕ್ಕಿ, ಉದ್ದಕ ಗೆರಿ, ಚೌಕ ಚೌಕ ಏನಾರ ಕಂಡ್ರ ಅಲ್ಲಿ ಡ್ರೈವರ್ ಇನ್ನೂ ಬಂದಿರೂದಾ ಇಲ್ಲ. ಕಾರ್ಡ್ ಕೆಟ್ಟೈತಿ, ಇಲ್ಲಾ ಕೇಬಲ್, ಇಲ್ಲಾ ಮಾನಿಟರ್. ಎಷ್ಟು ಡ್ರೈವರ್ ಬದಲಿ ಮಾಡಿದ್ರೂ ಅದು ಹೋಗೂದಿಲ್ಲ. ಬಯಾಸ್‌ನಾಗ ಸ್ವಚ್ಛ ಇದ್ದು ವಿಂಡೋಸ್ ಲಾಗಿನ್ ಬರೋ ಹೊತ್ತಿಗೆ ಕೆಟ್ರ ಅವಾಗ ಡ್ರೈವರ್ ಮ್ಯಾಲ ಸಂಶೆ ಪಡಬಹುದು.

ಎರಡನೇದು, ಕಿವಿ ಕೊಟ್ಟು ಕೇಳ್ರಿ. ಸ್ಕ್ರೀನ್ ಕರ್ರಗಾತು, ಆದ್ರ ಹಾಡು ಹಿಂದ ನಡದೈತಿ, ಕೀಬೋರ್ಡಿನ ಕ್ಯಾಪ್ಸ್ ಲಾಕ್ ಲೈಟ್ ಹತ್ತತೈತಿ ಆರತೈತಿ ಅಂದ್ರ ಪಿಸಿ ಜೀವಂತ ಐತಿ, ಬರೇ ಚಿತ್ರ ಹೋಗೈತಿ, ಇದು ಡ್ರೈವರ್ ಇಲ್ಲಾ ಕೇಬಲ್. ಅದ ಬದಲಿ ಟಪ್ ಅಂತ ಪೂರಾ ಬಂದ್ ಆಗಿ ತಾನ ಮತ್ತ ಚಾಲೂ ಆತಂದ್ರ ಭಾಳ ಮಾಡಿ ಪವರ್ ಸಪ್ಲೈ ಅಥವಾ ಕರೆಂಟಿಂದು. ಕರೆಂಟ್ ಹೋಗಿ ಇನ್ವರ್ಟರ್ ತಗೊಳ್ಳೋ ಆ ಒಂದು ಕ್ಷಣದಾಗ ದೊಡ್ಡ ಕಾರ್ಡಿರೋ ಪಿಸಿ ಕುಂದರ್ತೈತಿ, ಅದಕ್ಕ ಪಿಸಿಗೆ ಬ್ಯಾರೇನ ಯುಪಿಎಸ್ ಬೇಕು. ಡ್ರೈವರ್ ಹಾಕೋ ನಡುವ ಕರೆಂಟ್ ಹೋದ್ರಂತೂ ಅರ್ಧಾ ಹಾಕಿದ ಡ್ರೈವರ್ ಬಿಚ್ಚಾಕ ಒಂದು ದಿನ ಹೋಗ್ತೈತಿ.

ಮೂರನೇದು ಕೇಬಲ್. ಎಚ್‌ಡಿಎಂಐ ವೈರ್ ಎರಡೂ ಕಡೆ ಕಿತ್ತು ಮತ್ತ ಗಟ್ಟಿ ಸಿಗಿಸ್ರಿ, ಆದ್ರ ಇನ್ನೊಂದು ವೈರ್ ತಂದು ನೋಡ್ರಿ. ಹಾವೇರಿಯಾಗ ಒಬ್ರು ಕಾಕಾ ಆಲ್ಬಮ್ ಡಿಸೈನ್ ಮಾಡ್ತಾರ, ಕಾರ್ಡ್ ತಗೊಂಡು ಆರು ತಿಂಗಳಾದ್ರೂ ಏನೂ ಫರಕ್ ಕಾಣವಲ್ದು, ಡ್ರೈವರ್ ಸರಿ ಇಲ್ಲ ಅಂತ ನಾಕು ಸಲ ಬದಲಿ ಮಾಡಿಸಿದ್ರು. ಹೋಗಿ ಹಿಂದ ಬಗ್ಗಿ ನೋಡಿದ್ರ ಮಾನಿಟರ್ ವೈರ್ ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕ್ಯಾರ, ಕಾರ್ಡಿನ ಪೋರ್ಟ್‌ಗೆ ಹಾಕಿದ್ದ ರಬ್ಬರ್ ಮುಚ್ಚಳ ಸುದ್ದಾ ತಗದಿಲ್ಲ. ಮ್ಯಾಲ ಯುಎಸ್‌ಬಿ ಜೋಡಿ ನಿಂತಿರೋ ಪೋರ್ಟ್ ಮದರ್‌ಬೋರ್ಡಿಂದು, ಕೆಳಗ ಅಡ್ಡ ಮಲಗಿರೋ ಸಾಲು ಕಾರ್ಡಿಂದು, ವೈರ್ ಕೆಳಗಿಂದಕ್ಕ ಇರಬೇಕು.

ನಾಕನೇದು ಕಾವು. ನಮ್ಮ ಕಡೆ ಏಪ್ರಿಲ್ ಮೇ ಬಿಸಲಿಗೆ ಎಸಿ ಇಲ್ಲದ ಖೋಲ್ಯಾಗ ಕಾರ್ಡ್ ಕುದೀತಿರ್ತೈತಿ, ಮ್ಯಾಲ ರಸ್ತೆ ಧೂಳು. ಟಾಸ್ಕ್ ಮ್ಯಾನೇಜರ್ ತಗದು ಪರ್ಫಾರ್ಮೆನ್ಸ್ ಒಳಗ ಜಿಪಿಯು, ಅಂದ್ರ ಗ್ರಾಫಿಕ್ಸ್ ಕಾರ್ಡ್, ಅದರ ಮ್ಯಾಲ ಒತ್ತಿದ್ರ ಟೆಂಪರೇಚರ್ ತೋರಿಸ್ತೈತಿ. ಎಕ್ಸ್‌ಪೋರ್ಟ್ ಹಚ್ಚಿದಾಗ 70 ರಿಂದ 80 ಡಿಗ್ರಿ ಇದ್ರ ಹೆದರಬ್ಯಾಡ್ರಿ, 85 ದಾಟಿ ಅಲ್ಲೇ ನಿಂತ್ರ, ಮಾಡೋ ಕೆಲಸ ನಿಧಾನ ಆಗಾಕ ಹತ್ತಿದ್ರ ಮೊದಲು ಧೂಳು ತೆಗೀರಿ. ಸ್ವಿಚ್ ಬಂದ್ ಮಾಡಿ ವೈರ್ ಕಿತ್ತು ಬ್ಲೋವರ್ ಹಿಡೀರಿ, ಆದ್ರ ಕಾರ್ಡಿನ ಫ್ಯಾನಿಗೆ ಒಂದು ಬಟ್ಟು ಅಡ್ಡ ಹಿಡ್ಕೊಂಡ್ ಹೊಡೀರಿ, ಇಲ್ಲಂದ್ರ ಗಾಳಿಗೆ ಫ್ಯಾನ್ ಜೋರ್ ತಿರಗಿ ಬೇರಿಂಗ್ ಹಾಳಾಗ್ತೈತಿ. ಒಂದ್ಸಲ ಹಿಂಗ ಸ್ವಚ್ಛ ಮಾಡಿದ್ದಕ್ಕ ಕಾವು 88 ರಿಂದ 74 ಕ್ಕ ಇಳದು ಸ್ಕ್ರೀನ್ ಹೋಗೋದು ಅಲ್ಲಿಗೆ ನಿಂತಿತು, ಡ್ರೈವರ್ ಮುಟ್ಟಲೇ ಇಲ್ಲ.

ಬ್ರೌಸರ್ ಒಂದರಾಗ ಮಾತ್ರ ಮಿಣಕ್ ಮಿಣಕ್ ಅಂತಿದ್ರ ಆ ಬ್ರೌಸರ್ ಸೆಟ್ಟಿಂಗ್‌ನಾಗ ಹಾರ್ಡ್‌ವೇರ್ ಆಕ್ಸಿಲರೇಶನ್ ಅಂತ ಐತಿ, ಅದನ್ನ ಬಂದ್ ಮಾಡಿ ನೋಡ್ರಿ. ಎಡಿಟಿಂಗ್ ಸಾಫ್ಟ್‌ವೇರ್ ಒಂದರಾಗ ಮಾತ್ರ ತ್ರಾಸ ಇದ್ರ, ಪ್ರೀಮಿಯರ್ ಆದ್ರ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಜನರಲ್ ಒಳಗ ರೆಂಡರರ್ ಅಂತಿರ್ತೈತಿ, ಅದನ್ನ ಕಾರ್ಡಿನಿಂದ ಕೆಲಸ ಮಾಡಿಸೋ CUDA ಬಿಟ್ಟು ಸಾಫ್ಟ್‌ವೇರ್ ಓನ್ಲಿಗೆ ಹಾಕಿ ಅದ ವಿಡಿಯೋ ಎಕ್ಸ್‌ಪೋರ್ಟ್ ಮಾಡ್ರಿ. ಭಾಳ ನಿಧಾನ ಆಗ್ತೈತಿ ಖರೆ, ಆದ್ರ ಪೂರಾ ಮುಗೀತಂದ್ರ ಫೈಲ್ ಚಲೋ ಐತಿ, ಕಾರ್ಡ್ ಇಲ್ಲಾ ಡ್ರೈವರ್ ಕಡೆ ಗಡಬಡ ಐತಿ ಅಂತ ಖಾತ್ರಿ ಆಗ್ತೈತಿ. ಪಾರ್ಟಿ ಬಾಗಲಾಗ ನಿಂತಾಗ ಇದ ದಾರಿನೂ ಹೌದು, ನಾಕು ತಾಸು ತಡಾ ಆದ್ರೂ ವಿಡಿಯೋ ಕೈಗೆ ಬರ್ತೈತಿ.

ಸ್ಕ್ರೀನ್ ಹೋಗಿ ತಾನ ವಾಪಸ್ ಬರ್ತೈತಲ್ಲ ಅದೇನು

ಕಾರ್ಡಿಗೆ ಒಂದು ಕೆಲಸ ಕೊಟ್ಟು ಅದು 2 ಸೆಕೆಂಡ್ ಆದ್ರೂ ಮಾತಾಡಲಿಲ್ಲಂದ್ರ ವಿಂಡೋಸ್ ಡ್ರೈವರ್ ಬಂದ್ ಮಾಡಿ ಮತ್ತ ಚಾಲೂ ಮಾಡ್ತೈತಿ. ಟಿಡಿಆರ್ ಅಂತಾರ ಇದಕ್ಕ, ವಿಸ್ತಾ ಕಾಲದಿಂದ ಐತಿ. ಮೊದಲೆಲ್ಲಾ ಇಂಥಾ ಹೊತ್ತಿನಾಗ ಪಿಸಿ ಪೂರಾ ಹ್ಯಾಂಗ್ ಆಗಿ ಬಟನ್ ಒತ್ತಿ ಬಂದ್ ಮಾಡೋದ ಗತಿ ಇತ್ತು, ಈಗ ಸ್ಕ್ರೀನ್ ಒಂದ್ಸಲ ಕರ್ರಗಾಗಿ ವಾಪಸ್ ಬರ್ತೈತಿ. ವಾಪಸ್ ಬರಾಕ ಆಗ್ಲಿಲ್ಲಂದ್ರ ನೀಲಿ ಸ್ಕ್ರೀನ್, ಅದರಾಗ ವಿಡಿಯೋ ಟಿಡಿಆರ್ ಫೇಲ್ಯೂರ್ ಅಂತ ಬರದಿರ್ತೈತಿ.

ಇದು ಆಗಿದ್ದು ಖರೆನೋ ಅಂತ ನೋಡಾಕ ಸ್ಟಾರ್ಟ್ ಬಟನ್ ಮ್ಯಾಲ ರೈಟ್ ಕ್ಲಿಕ್ ಮಾಡಿ ಇವೆಂಟ್ ವ್ಯೂವರ್ ತೆಗೀರಿ, ವಿಂಡೋಸ್ ಲಾಗ್ಸ್, ಅದರಾಗ ಸಿಸ್ಟಮ್. ಸ್ಕ್ರೀನ್ ಹೋದ ಟೈಮಿಗೆ 4101 ಅನ್ನೋ ನಂಬರ್ ಕಂಡ್ರ ಡಿಸ್‌ಪ್ಲೇ ಡ್ರೈವರ್ ನಿಂತು ಮತ್ತ ಚಾಲೂ ಆತು ಅಂತ ಅರ್ಥ. ತಿಂಗಳಿಗೆ ಒಂದ್ಸಲ ಇಂಥಾದ್ದು ಬಂದ್ರ ತಲಿ ಕೆಡಿಸ್ಕೋಬ್ಯಾಡ್ರಿ. ದಿನಾ ಬರ್ತಿದ್ರ, ಅದೂ ಹೊಸ ಡ್ರೈವರ್ ಹಾಕಿದ ತಾರೀಖಿನಿಂದನ ಚಾಲೂ ಆಗಿದ್ರ ಅವಾಗ ಪುರಾವೆ ನಿಮ್ಮ ಕೈಯಾಗ ಬಂತು.

ಪರದೆ ಕರ್ರಗಾಗಿ ಹಂಗ ನಿಂತಾಗ ಪವರ್ ಬಟನ್ ಒತ್ತೋ ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಕೂ ಕೂಡಿ ಒಮ್ಮೆ ಒತ್ರಿ. ಟಿಂಕ್ ಅಂತ ಸಪ್ಪಳ ಬಂದು ಪರದೆ ಮಿಣುಕಿ ಗ್ರಾಫಿಕ್ಸ್ ಡ್ರೈವರ್ ಒಂದ ಮತ್ತ ಚಾಲೂ ಆಗ್ತೈತಿ, ತಗದಿಟ್ಟ ಫೈಲ್ ಹಂಗ ಇರ್ತಾವು. ಸೇವ್ ಮಾಡದ ಕೆಲಸ ಇದರಿಂದ ನನಗ ಎಷ್ಟೋ ಸಲ ಉಳದೈತಿ. ಚಿತ್ರ ಬಂದ ಕೂಡ್ಲೆ ಮೊದಲು ಸೇವ್ ಮಾಡ್ರಿ, ಆಮ್ಯಾಲ ಕಾರಣ ಹುಡುಕ್ರಿ.

ಯಾವ ವರ್ಶನ್ ಐತಿ ಅಂತ ತಿಳ್ಕೊಳ್ಳೋದು

ಡಿವೈಸ್ ಮ್ಯಾನೇಜರ್‌ನಾಗ ವರ್ಶನ್ 32.0.15.6636 ಅಂತ ಉದ್ದಕ ತೋರಿಸ್ತೈತಿ, ಕಾರ್ಡ್ ಕಂಪನಿ ಎನ್‌ವಿಡಿಯಾದ ವೆಬ್‌ಸೈಟಿನಾಗ 566.36 ಅಂತ ಇರ್ತೈತಿ, ಎರಡೂ ಬ್ಯಾರೆ ಬ್ಯಾರೆ ಅನ್ಕೊಂಡು ಜನ ಹೆದರ್ತಾರ. ಎರಡೂ ಒಂದ. ಚುಕ್ಕಿ ಎಲ್ಲಾ ಬಿಟ್ಟು ಹಿಂದಿನಿಂದ ಐದು ಅಂಕಿ ಎಣಸ್ರಿ, 5 6 6 3 6, ಮೂರು ಅಂಕಿ ಆದ ಮ್ಯಾಲ ಚುಕ್ಕಿ ಇಡ್ರಿ, 566.36 ಆತು. ಈ ನಂಬರ್ ಮತ್ತ ತಾರೀಖು ಒಂದು ನೋಟ್‌ಬುಕ್ಕಿನಾಗ ಬರೀರಿ, ಪಿಸಿ ಒಳಗ ಅಲ್ಲ, ಕಾಗದದ ಮ್ಯಾಲ, ಯಾಕಂದ್ರ ಪರದೆ ಹೋದ ದಿನ ಪಿಸಿ ಒಳಗಿಂದು ಓದಾಕ ಬರೂದಿಲ್ಲ. ಇನ್ನೊಂದು ಕಂಪನಿ ಎಎಂಡಿಯ ಕಾರ್ಡ್ ಆದ್ರ ಅವರ ಅಡ್ರಿನಾಲಿನ್ ಸಾಫ್ಟ್‌ವೇರ್ ತಗದ್ರ ವರ್ಶನ್ ಕಾಣ್ತೈತಿ, ಅಲ್ಲಿ ಮೊದಲಿನ ಎರಡು ಅಂಕಿ ವರ್ಷ, ಆಮ್ಯಾಲಿಂದು ತಿಂಗಳು.

ಹಂಗ ಕಾರ್ಡ್ ಹೆಸರಿನ ಜಾಗಾದಾಗ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದ್ರ ನಿಮ್ಮ ಕಾರ್ಡಿಗೆ ಡ್ರೈವರ್ ಇಲ್ಲ ಅಂತ ಅರ್ಥ, ವಿಂಡೋಸ್ ತನ್ನ ಕಡೆಯಿಂದ ಹೆಂಗೋ ಚಿತ್ರ ತೋರಿಸಾಕ ಹತ್ತೈತಿ. ಹಳದಿ ತ್ರಿಕೋನ ಬಂದು ಕೋಡ್ 43 ಅಂತಿದ್ರ ಡ್ರೈವರ್ ಒಂದ್ಸಲ ಸ್ವಚ್ಛ ಹಾಕಿ ನೋಡ್ರಿ, ಆದ್ರೂ ಹೋಗ್ಲಿಲ್ಲಂದ್ರ ಕಾರ್ಡಿಂದ ತ್ರಾಸ. ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಂಡವರು ಇದನ್ನ ಲಕ್ಷ್ಯ ಇಟ್ಟು ಓದ್ರಿ. ಮೈನಿಂಗ್, ಅಂದ್ರ ಡಿಜಿಟಲ್ ರೊಕ್ಕಾ ಗಳಸಾಕ ಓಡಿಸಿದ ಕೆಲವು ಕಾರ್ಡಿನೊಳಗಿನ ಬಯಾಸ್ ತಿದ್ದಿರ್ತಾರ, ಅಂಥಾದಕ್ಕ ಕಂಪನಿ ಡ್ರೈವರ್ ಕುಂದರದ ಇರಬಹುದು. ಹಳೇ ಸಣ್ಣ ಕಾರ್ಡಿಗೆ ದೊಡ್ಡ ಕಾರ್ಡಿನ ಹೆಸರು ಹಚ್ಚಿ ಮಾರೋರೂ ಅದಾರ. ಜಿಪಿಯು ಝಡ್ ಅಂತ ಸಣ್ಣ ಪುಗಸಟ್ಟೆ ಸಾಫ್ಟ್‌ವೇರ್ ಐತಿ, ಖೊಟ್ಟಿ ಕಾರ್ಡ್ ಇದ್ರ ಹೆಸರಿನ ಮುಂದ ಫೇಕ್ ಅಂತ ತೋರಿಸ್ತೈತಿ. ರೊಕ್ಕಾ ಕೊಡೋ ಮೊದಲು ಅಂಗಡ್ಯಾಗ ಕುಂತ ಅದನ್ನ ಹಾಕಿ ನೋಡ್ರಿ.

ಯಾವಾಗ ಅಪ್‌ಡೇಟ್ ಮಾಡಬೇಕು

ನನ್ನ ಪ್ರಕಾರ ಅಪ್‌ಡೇಟ್ ಬಂದೈತಿ ಅನ್ನೋದು ಅಪ್‌ಡೇಟ್ ಮಾಡಾಕ ಕಾರಣ ಅಲ್ಲ. ಕಾರಣ ಬ್ಯಾರೆ ಬೇಕು. ಗದಗಿಗೆ ಮುದ್ರಣ ಕಾಶಿ ಅಂತಾರ, ಅಲ್ಲಿ ಪ್ರೆಸ್ಸಿನಾಗ ನುಡಿ ಸಾಫ್ಟ್‌ವೇರಿನಾಗ ಟೈಪ್ ಮಾಡಿ ಕೋರಲ್‌ಡ್ರಾದಾಗ ಲಗ್ನಪತ್ರಿಕಿ, ಬಿಲ್ ಬುಕ್ ಮಾಡ್ತಾರ, ಆ ಕೆಲಸಕ್ಕ ಪ್ರತಿ ತಿಂಗಳು ಬರೋ ಹೊಸ ಗೇಮ್ ಡ್ರೈವರಿನಿಂದ ಕಾಳಿನಷ್ಟೂ ಲಾಭ ಇಲ್ಲ. ಕಾರಣ ಅಂದ್ರ ಇಂಥಾವು: ನೀವು ಅನುಭವಿಸೋ ತ್ರಾಸ ಹೊಸ ಡ್ರೈವರಿನ ಜೋಡಿ ಕಂಪನಿ ಕೊಡೋ ರಿಲೀಸ್ ನೋಟ್ಸ್‌ನಾಗ ಸರಿ ಮಾಡೀವಿ ಅಂತ ಬರದಿದ್ರ ಹಾಕ್ರಿ. ಎಡಿಟಿಂಗ್ ಸಾಫ್ಟ್‌ವೇರ್‌ದ ಹೊಸ ವರ್ಶನ್ ಹಾಕಿದ್ಮ್ಯಾಲ ಅದು ಡ್ರೈವರ್ ಹಳೇದಾತು ಅಂತ ಮೆಸೇಜ್ ಕೊಟ್ರ, ಪ್ರೀಮಿಯರ್ ಮತ್ತ ಡಾವಿಂಚಿ ರಿಸಾಲ್ವ್ ಎರಡಕ್ಕೂ ಕಡಿಮ್ಯಾಗ ಕಡಿಮಿ ಇಂಥಾ ಡ್ರೈವರ್ ಇರಬೇಕು ಅಂತ ಇರ್ತೈತಿ, ಆಗ ಹಾಕ್ರಿ. ಹೊಸ ಗೇಮ್ ಬಂತು, ಆಡಾಕ ಹೋದ್ರ ಬಂದ್ ಬೀಳ್ತೈತಿ ಅಂದ್ರ ಹಾಕ್ರಿ. ಹೊಸ ಕಾರ್ಡ್ ಕೂಡಿಸಿದ್ರ ಹಾಕಲೇಬೇಕು.

ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ ಈ ಲೆಕ್ಕದಾಗ ಬರೂದಿಲ್ಲ. ಡ್ರೈವರ್ ವಿಂಡೋಸಿನ ಭಾಳ ಒಳಗ ಕುಂತು ಕೆಲಸ ಮಾಡ್ತೈತಿ, ಅದರಾಗಿನ ಸಂದಿಯೊಳಗಿಂದ ಪಿಸಿ ಕೈವಶ ಮಾಡ್ಕೋಬಹುದು, ಕಂಪನಿಗಳು ವರ್ಷಕ್ಕ ಕೆಲವು ಸಲ ಇಂಥಾ ಸಂದಿ ಮುಚ್ಚೀವಿ ಅಂತ ಬುಲೆಟಿನ್ ಹೊರಡಿಸ್ತಾವು. ಬ್ಯಾಂಕ್ ಕೆಲಸ, ಜಿಎಸ್‌ಟಿ ಅದ ಪಿಸಿಯಾಗ ಮಾಡೋರು ವರ್ಷಾನುಗಟ್ಟಲೆ ಹಂಗ ಬಿಡಬ್ಯಾಡ್ರಿ.

ಇನ್ನ ಯಾವ ದಿನ ಮಾಡಬೇಕು ಅನ್ನೋದು. ನಮ್ಮ ಲಗ್ನದ ಕೆಲಸದವರಿಗೆ ದೇವರ ಎರಡು ರಜಾ ಕೊಟ್ಟಾನ, ಆಷಾಢ ಒಂದು, ಧನುರ್ಮಾಸ ಒಂದು. ತುಳಸಿ ಲಗ್ನ ಮುಗದ ಮ್ಯಾಲ ಚಾಲೂ ಆದ ಗದ್ದಲ ಡಿಸೆಂಬರ್ ನಡುವ ನಿಂತು ಸಂಕ್ರಾಂತಿ ಆದ ಮ್ಯಾಲ ಮತ್ತ ಹಿಡದ್ರ ಅಕ್ಷಯ ತದಿಗಿ ದಾಟಿ ಜೇಷ್ಠದ ತನಕ ಬಿಡೂದಿಲ್ಲ, ಆ ನಡುವ ಡ್ರೈವರಿಗೆ ಕೈ ಹಚ್ಚಬ್ಯಾಡ್ರಿ. ಕಡೀ ಪಾರ್ಟಿ ವಿಡಿಯೋ ಒಯ್ದ ಮ್ಯಾಲ ಆಷಾಢದಾಗ ಒಂದಿನ ಸಾವಕಾಶ ಕುಂತು ಡ್ರೈವರ್, ವಿಂಡೋಸ್, ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲಾ ನೋಡ್ರಿ, ಕೆಟ್ರೂ ಸರಿ ಮಾಡಾಕ ಹದಿನೈದು ದಿನ ಇರ್ತಾವು. ಅಂಗಡಿ ಕೆಲಸದವರು ದೀಪಾವಳಿ ಪಾಡ್ಯಾ ಮುಂದ ಮಾಡಬ್ಯಾಡ್ರಿ, ಗೇಮ್ ಆಡೋ ಹುಡುಗರು ಪರೀಕ್ಷಾ ಮುಗದ ಮ್ಯಾಲ ಬೇಕಾದ್ದು ಮಾಡ್ಕೋರಿ.

ಹೊಸ ಡ್ರೈವರ್ ಬಂದ ದಿನಾನ ಹಾಕೋದಂತೂ ಬ್ಯಾಡಾ, ಕಡಿಮ್ಯಾಗ ಕಡಿಮಿ ಎರಡು ವಾರ ತಡೀರಿ. ಇದು ಸುಮ್ಮ ಹೆದರಿಕಿ ಮಾತಲ್ಲ. 2010 ರ ಮಾರ್ಚ್‌ನಾಗ ಎನ್‌ವಿಡಿಯಾ 196.75 ಅನ್ನೋ ಡ್ರೈವರ್ ಬಿಟ್ಟು ವಾಪಸ್ ತಗೊಂಡಿತು, ಕಾರ್ಡಿನ ಫ್ಯಾನ್ ಸರಿಯಾಗಿ ತಿರಗದ ಕಾವು ಏರಾಕ ಹತ್ತಿತ್ತು. 2015 ರ ನವೆಂಬರ್‌ನಾಗ ಎಎಂಡಿಯ ಕ್ರಿಮ್ಸನ್ ಡ್ರೈವರ್ ಹೊಸದಾಗಿ ಬಂದಾಗ ಕೆಲವು ಕಾರ್ಡಿನ ಫ್ಯಾನ್ 20-30 ಶೇಕಡಾಕ್ಕ ನಿಂತುಬಿಡ್ತು, ಒಂದು ವಾರದೊಳಗ ಹಾಟ್‌ಫಿಕ್ಸ್, ಅಂದ್ರ ಅವಸರದ ತಿದ್ದುಪಡಿ ಬಿಡಬೇಕಾತು. 2025 ರಾಗ ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸೀರೀಸ್ ಕಾರ್ಡ್ ಬಂದ ಮ್ಯಾಲ 572 ನಂಬರಿನ ಸಾಲಿನ ಡ್ರೈವರಿನಾಗ ಸ್ಕ್ರೀನ್ ಕರ್ರಗಾಗೋದು ಭಾಳ ಜನಕ್ಕ ಆತು, ಏಪ್ರಿಲ್‌ನಾಗ 576.02 ಬಂದು ಅದರಾಗ ಭಾಳಷ್ಟು ಸರಿ ಆತು, ಆದ್ರ ಅದರಾಗನ ಪಿಸಿ ಸ್ಲೀಪಿನಿಂದ ಎದ್ದ ಮ್ಯಾಲ ಟೆಂಪರೇಚರ್ ಅಂಕಿ ಅಲ್ಲೇ ನಿಂತು ಬಿಡೋ ಹೊಸ ತ್ರಾಸ ಬಂತು, ಅದಕ್ಕ ಮತ್ತ 576.15 ಹಾಟ್‌ಫಿಕ್ಸ್. ಸರಿ ಮಾಡಾಕ ಬಂದದ್ದ ಇನ್ನೊಂದು ಕೆಡಿಸ್ತೈತಿ, ಅದಕ್ಕ ಬೇರೆಯವರು ಹಾಕಿ ಎರಡು ವಾರ ಆಗ್ಲಿ.

ರಿಲೀಸ್ ನೋಟ್ಸ್ ಓದೋದು ಕಲೀರಿ. ಎರಡ ತಲಿಬರಹ ನೋಡಿದ್ರ ಸಾಕು, ಸರಿ ಮಾಡಿದ್ದು ಅನ್ನೋದು ಫಿಕ್ಸ್ಡ್ ಇಶ್ಯೂಸ್ ಅಂತ, ಇನ್ನೂ ಉಳದದ್ದು ಓಪನ್ ಅಥವಾ ನೋನ್ ಇಶ್ಯೂಸ್ ಅಂತ ಇರ್ತಾವು. ಎರಡನೇದರಾಗ ನೀವು ದಿನಾ ಬಳಸೋ ಸಾಫ್ಟ್‌ವೇರ್ ಹೆಸರಿದ್ರ ಆ ಡ್ರೈವರ್ ಬಿಟ್ಟು ಮುಂದಿಂದಕ್ಕ ಕಾಯ್ರಿ.

ಹಳೇ ಕಾರ್ಡಿನವರಿಗೆ ಒಂದು ಮಾತು. ಎನ್‌ವಿಡಿಯಾದ ಜಿಟಿ 710 ಇನ್ನೂ ನಮ್ಮ ಕಡೆ ಎಷ್ಟೋ ಅಂಗಡ್ಯಾಗ ನಡದಾವು, ಅದರ ಪೀಳಿಗಿ ಕಾರ್ಡಿಗೆ ಹೊಸ ಗೇಮ್ ರೆಡಿ, ಅಂದ್ರ ಗೇಮಿಗಂತ ಬರೋ ಡ್ರೈವರ್ 2021 ರಾಗ ನಿಂತಾವು, ಸೆಕ್ಯೂರಿಟಿ ಪ್ಯಾಚ್ 2024 ರ ಸೆಪ್ಟೆಂಬರ್‌ಗೆ ಮುಗದಾವು. ಜಿಟಿಎಕ್ಸ್ 900 ಮತ್ತ 1000 ಸೀರೀಸಿನವು, ಅಂದ್ರ 1050 ಟಿಐ, 1060 ಎಲ್ಲಾ ಬಂದ್ವು, ಅವಕ್ಕ 2025 ರ ಅಕ್ಟೋಬರ್ ಆದ ಮ್ಯಾಲ ಬರೇ ಮೂರು ತಿಂಗಳಿಗೊಮ್ಮೆ ಸೆಕ್ಯೂರಿಟಿ ಅಪ್‌ಡೇಟ್, ಅದೂ 2028 ರ ಅಕ್ಟೋಬರ್ ತನಕ. 1650 ಮಾತ್ರ ಬ್ಯಾರೆ ಪೀಳಿಗಿ, ಅದು ಈ ಸಾಲಿನಾಗ ಬರೂದಿಲ್ಲ. ಎಎಂಡಿಯ ಆರ್‌ಎಕ್ಸ್ 570, 580 ಕ್ಕ 2023 ರ ನವೆಂಬರ್‌ನಿಂದ ಬ್ಯಾರೇನ ಡ್ರೈವರ್ ಸಾಲು ಮಾಡ್ಯಾರ. ಇಂಥಾ ಕಾರ್ಡಿದ್ರ ಹೊಸಾದ್ದರ ಬೆನ್ನ ಹತ್ತಬ್ಯಾಡ್ರಿ, ಚಲೋ ನಡ್ಯೋ ಒಂದು ಡ್ರೈವರ್ ಹಿಡದು ಅದರ ಸೆಟಪ್ ಫೈಲ್ ಜ್ವಾಕಿ ಇಡ್ರಿ.

ಹಾಕೋ ರೀತಿ

ಡ್ರೈವರ್ ಕಂಪನಿ ವೆಬ್‌ಸೈಟಿನಿಂದ ಮಾತ್ರ ಇಳಿಸ್ಕೋರಿ. ಗೂಗಲ್‌ನಾಗ ಹುಡುಕಿದ್ರ ಮ್ಯಾಲ ಜಾಹೀರಾತು ಬರ್ತಾವು, ನಿಮ್ಮ ಇಷ್ಟು ಡ್ರೈವರ್ ಹಳೇವಾಗ್ಯಾವು ಒಂದ ಕ್ಲಿಕ್ಕಿನಾಗ ಎಲ್ಲಾ ಸರಿ ಮಾಡ್ತೀವಿ ಅನ್ನೋ ಡ್ರೈವರ್ ಅಪ್‌ಡೇಟರ್ ಸಾಫ್ಟ್‌ವೇರ್, ಅವನ್ನ ಹಾಕಲೇಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ಕಾರ್ಡಿಗೆ ಹೊಂದದ ಡ್ರೈವರ್ ತುರುಕಿ, ರೊಕ್ಕಾ ಕೇಳಿ, ಮ್ಯಾಲ ಬ್ಯಾರೆ ಬ್ಯಾರೆ ಕಸಾ ತಂದು ಹಾಕ್ತಾವು, ಇಂಥಾ ಪಿಸಿ ಸ್ವಚ್ಛ ಮಾಡಾಕ ವಿಂಡೋಸ್ ಪೂರಾ ಹೊಸದಾಗಿ ಹಾಕಿದ್ದು ಐತಿ.

ಎನ್‌ವಿಡಿಯಾದಾಗ ಗೇಮ್ ರೆಡಿ, ಸ್ಟುಡಿಯೋ ಅಂತ ಎರಡು ಥರ ಇರ್ತಾವು. ಎಡಿಟಿಂಗ್, ಆಲ್ಬಮ್ ಕೆಲಸದವರು ಸ್ಟುಡಿಯೋ ತಗೋರಿ, ಅದು ಕಡಿಮಿ ಸಲ ಬರ್ತೈತಿ, ಎಡಿಟಿಂಗ್ ಸಾಫ್ಟ್‌ವೇರ್ ಜೋಡಿ ಹೆಚ್ಚು ಪರೀಕ್ಷಾ ಮಾಡಿರ್ತಾರ, ಅದರ ಮ್ಯಾಲ ಗೇಮೂ ನಡೀತಾವು. ಎಎಂಡಿಯಾಗ ರೆಕಮೆಂಡೆಡ್ ಅಂತ ಇದ್ದದ್ದು ತಗೋರಿ, ಆಪ್ಶನಲ್ ಬಿಡ್ರಿ. ಫೈಲ್ ಮುಕ್ಕಾಲು ಜಿಬಿ ಆಸುಪಾಸು ಇರ್ತೈತಿ, ಮೊಬೈಲ್ ಹಾಟ್‌ಸ್ಪಾಟಿನಿಂದ ಇಳಿಸೋರು ರಾತ್ರಿ ಹಚ್ಚಿ ಮಲಗ್ರಿ, ಇಳಿಸೋದು ಬ್ಯಾರೆ ಹಾಕೋದು ಬ್ಯಾರೆ. ಈಗ ಇರೋ ಹಳೇ ಡ್ರೈವರಿನ ಸೆಟಪ್ಪೂ ನೋಟ್‌ಬುಕ್ಕಿನ ನಂಬರ್ ನೋಡಿ ಇಳಿಸಿ ಎರಡೂ ಒಂದು ಪೆನ್‌ಡ್ರೈವಿನಾಗ ಹಾಕ್ರಿ, ಹಳೇ ವರ್ಶನ್ ಎರಡೂ ಕಂಪನಿ ವೆಬ್‌ಸೈಟಿನಾಗ ಸಿಗ್ತಾವು. ಇಷ್ಟಾದ ಮ್ಯಾಲ ಸೆಟಪ್ ಚಾಲೂ ಮಾಡ್ರಿ. ಸಾದಾ ಅಪ್‌ಡೇಟಿಗೆ ಮ್ಯಾಲಿಂದ ಮ್ಯಾಲ ಹಾಕಿದ್ರ ಸಾಕು, ಪ್ರತಿ ಸಲ ಕಿತ್ತು ಹಾಕೋ ಗರಜಿಲ್ಲ, ಯಾಕಂದ್ರ ಹಂಗ ಮಾಡಿದ್ರ ರೋಲ್ ಬ್ಯಾಕ್ ಬಟನ್ ಕಳ್ಕೋತೀರಿ.

ಪೂರಾ ಕಿತ್ತು ಹಾಕೋದು ಯಾವಾಗ ಅಂದ್ರ, ಎಎಂಡಿ ತಗದು ಎನ್‌ವಿಡಿಯಾ ಕೂಡಿಸಿದಾಗ, ಇಲ್ಲಾ ಎಷ್ಟ ಸಲ ಹಾಕಿದ್ರೂ ನಡುವ ಫೇಲ್ ಆದಾಗ. ಇದಕ್ಕ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಎಲ್ಲಾರೂ ಡಿಡಿಯು ಅಂತಾರ, ಅದು ಬೇಕು. ಮೊದಲು ನೆಟ್ ವೈರ್ ಕೀಳ್ರಿ, ವೈಫೈ ಬಂದ್ ಮಾಡ್ರಿ, ಇಲ್ಲಂದ್ರ ನೀವು ಹಳೇದು ತಗದ ಕೂಡ್ಲೆ ವಿಂಡೋಸ್ ತನ್ನ ಕಡೆದೊಂದು ಡ್ರೈವರ್ ತಂದು ಕೂಡಿಸ್ತೈತಿ. ಶಿಫ್ಟ್ ಒತ್ತಿ ಹಿಡದು ರೀಸ್ಟಾರ್ಟ್ ಮಾಡ್ರಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ನಂಬರ್ 4 ಒತ್ತಿದ್ರ ಸೇಫ್ ಮೋಡ್, ಅಂದ್ರ ಬೇಕಾದಷ್ಟ ಡ್ರೈವರ್ ಇಟ್ಕೊಂಡು ವಿಂಡೋಸ್ ಏಳೋ ರೀತಿ. ಅದರಾಗ ಡಿಡಿಯು ತಗದು ಕಾರ್ಡಿನ ಕಂಪನಿ ಆರಿಸಿ ಕ್ಲೀನ್ ಅಂಡ್ ರೀಸ್ಟಾರ್ಟ್ ಅನ್ರಿ, ಎದ್ದ ಮ್ಯಾಲ ಪೆನ್‌ಡ್ರೈವಿನಿಂದ ಡ್ರೈವರ್ ಹಾಕಿ ಆಮ್ಯಾಲ ನೆಟ್ ಕೊಡ್ರಿ. ವಿಂಡೋಸ್ 11 ಲ್ಯಾಪ್‌ಟಾಪಿನವರು ಸೇಫ್ ಮೋಡಿಗೆ ಹೋಗೋ ಮೊದಲ ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್‌ದ ರಿಕವರಿ ಕೀ ಬರದಿಟ್ಕೋರಿ, ಮೈಕ್ರೋಸಾಫ್ಟ್ ಅಕೌಂಟಿನಾಗ ಸಿಗ್ತೈತಿ, ಅದು 48 ಅಂಕಿ ಕೇಳಿದಾಗ ಕೀ ಇಲ್ಲಂದ್ರ ಒಳಗಿನ ಫೋಟೋ ಎಲ್ಲಾ ಅಲ್ಲೇ ಸಿಕ್ಕಬೀಳ್ತಾವು.

ಏನೂ ಕಾಣವಲ್ದು, ಲಾಗಿನ್ ತನಕನೂ ಬರವಲ್ದು ಅಂದ್ರ ಎರಡು ದಾರಿ ಅದಾವು. ಪ್ರೊಸೆಸರಿನಾಗನ ಗ್ರಾಫಿಕ್ಸ್ ಇದ್ರ ಮಾನಿಟರ್ ವೈರ್ ಮದರ್‌ಬೋರ್ಡಿಗೆ ಹಾಕ್ರಿ, ಅದರ ಚಿತ್ರದ ಮ್ಯಾಲ ಕುಂತ ಕಾರ್ಡಿನ ಡ್ರೈವರ್ ತೆಗೀಬಹುದು. ಇಂಟೆಲ್‌ನಾಗ ಹೆಸರಿನ ಕಡೀಗೆ ಎಫ್ ಇದ್ರ, 12400ಎಫ್ ಇದ್ದಂಗ, ಅದರಾಗ ಗ್ರಾಫಿಕ್ಸ್ ಇರೂದಿಲ್ಲ. ರೈಝನ್ 5600 ಕ್ಕ ಇಲ್ಲ, 5600ಜಿಗೆ ಐತಿ. ಇಲ್ಲದವರು ವಿಂಡೋಸ್ ಸುತ್ತು ತಿರಗೋ ಹೊತ್ತಿಗೆ ಪವರ್ ಬಟನ್ ಒತ್ತಿ ಹಿಡದು ಬಂದ್ ಮಾಡ್ರಿ, ಹಂಗ ಎರಡ್ಮೂರು ಸಲ ಮಾಡಿದ್ರ ವಿಂಡೋಸ್ ತಾನ ರಿಪೇರಿ ಪರದೆ ತರ್ತೈತಿ, ಅಲ್ಲಿಂದ ಸೇಫ್ ಮೋಡಿಗೆ ಹೋಗಾಕ ಬರ್ತೈತಿ. ಬ್ಯಾರೆ ದಾರಿ ಇದ್ದಾಗ ಇದನ್ನ ಮಾಡಬ್ಯಾಡ್ರಿ, ಡಿಸ್ಕಿಗೆ ಚಲೋ ಅಲ್ಲ.

ಲ್ಯಾಪ್‌ಟಾಪಿನಾಗ ಗ್ರಾಫಿಕ್ಸ್ ಎರಡು ಇರ್ತಾವು, ಪ್ರೊಸೆಸರಿಂದೊಂದು ಕಾರ್ಡಿಂದೊಂದು, ಡ್ರೈವರೂ ಎರಡು. ಮೊದಲು ಲ್ಯಾಪ್‌ಟಾಪ್ ಕಂಪನಿ ವೆಬ್‌ಸೈಟಿನಾಗ ನಿಮ್ಮ ಮಾಡೆಲ್ ಹಾಕಿ ಅವರ ಕೊಟ್ಟ ಡ್ರೈವರ್ ಪ್ರಯತ್ನ ಮಾಡ್ರಿ. ಬ್ರೈಟ್‌ನೆಸ್ ಬಟನ್ ಕೆಲಸ ಮಾಡೋದು ನಿಂತ್ರ, ಸ್ಲೀಪಿನಿಂದ ಏಳದಿದ್ರ ಬಹುತೇಕ ಪ್ರೊಸೆಸರ್ ಕಡೆ ಡ್ರೈವರಿಂದು, ದೊಡ್ಡ ಕಾರ್ಡಿಂದು ಬದಲಿ ಮಾಡ್ಕೋತ ಕುಂದರಬ್ಯಾಡ್ರಿ.

ನೀವು ಮುಟ್ಟದಿದ್ರೂ ಡ್ರೈವರ್ ಬದಲಿ ಆಗಿದ್ರ ಅದು ವಿಂಡೋಸ್ ಅಪ್‌ಡೇಟ್ ಕೆಲಸ. ಸೆಟ್ಟಿಂಗ್ಸ್‌ನಾಗ ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ, ಅದರಾಗ ಡ್ರೈವರ್ ಅಪ್‌ಡೇಟ್ಸ್ ಅಂತ ಬಿಚ್ಚಿದ್ರ ತಾರೀಖು ಸಮೇತ ಕಾಣ್ತೈತಿ. ಸೀಸನ್ ಕೆಲಸ ಇದ್ದಾಗ ಅಪ್‌ಡೇಟ್ ಪಾಝ್ ಮಾಡಿಡ್ರಿ, ಆದ್ರ ಮುಗದ ಮ್ಯಾಲ ತೆಗಿಯೋದು ಮರೀಬ್ಯಾಡ್ರಿ, ವಿಂಡೋಸಿನ ಸೆಕ್ಯೂರಿಟಿ ಪ್ಯಾಚೂ ಅದರ ಜೋಡಿ ನಿಂತಿರ್ತಾವು.

ಹೊಸ ಡ್ರೈವರ್ ಹಾಕಿದ ಮ್ಯಾಲ ಡೆಸ್ಕ್‌ಟಾಪ್ ಕಂಡಿತು ಅಂತ ಎದ್ದು ಹೋಗಬ್ಯಾಡ್ರಿ. ಹಿಂದಿನ ಸೀಸನ್‌ದ ಒಂದು ಭಾರೀ ಪ್ರಾಜೆಕ್ಟ್, ಅಕ್ಕಿಕಾಳು ಹಾಕೋ ಹೊತ್ತಿಂದು ಮೂರು ಕ್ಯಾಮೆರಾದ 4ಕೆ ಫುಟೇಜ್ ಇರೋ ಅಂಥಾದ್ದು, ತಗದು ಪೂರಾ ಎಕ್ಸ್‌ಪೋರ್ಟ್ ಹಚ್ರಿ. ಮೊದಲು ಎಷ್ಟು ನಿಮಿಷ ಹಿಡೀತಿತ್ತು ಈಗ ಎಷ್ಟು ಅಂತ ಬರೀರಿ, ಎರಡನೇ ಮಾನಿಟರ್ ಹಚ್ಚಿ ನೋಡ್ರಿ, ಸ್ಲೀಪಿಗೆ ಹಾಕಿ ಎಬ್ಬಿಸಿ ಟೆಂಪರೇಚರ್ ಅಂಕಿ ಓಡಾಡ್ತೈತೋ ನೋಡ್ರಿ, ಮೂರ್ನಾಕು ದಿನ ಆದ ಮ್ಯಾಲ ಇವೆಂಟ್ ವ್ಯೂವರ್‌ನಾಗ 4101 ಬಂದೈತೇನು ನೋಡ್ರಿ. ಬರ್ಲಿಲ್ಲಂದ್ರ ನೋಟ್‌ಬುಕ್ಕಿನಾಗ ಆ ನಂಬರಿನ ಮುಂದ ಚಲೋ ಐತಿ ಅಂತ ಬರದು ಪೆನ್‌ಡ್ರೈವ್ ಡ್ರಾವರಿನಾಗ ಇಡ್ರಿ. ಬೆಟಗೇರಿ ತಮ್ಮನ ಪಿಸಿ ಹಿಂದ ಈಗ ಒಂದು ಚೀಟಿ ಅಂಟಿಸೀವಿ, ಅದರಾಗ ಎರಡು ಸಾಲು ಐತಿ, ಮ್ಯಾಲ ಡ್ರೈವರ್ ನಂಬರ್, ಕೆಳಗ ಹಾಕಿದ ತಾರೀಖು, ಅದು ಆಷಾಢದ ಎರಡನೇ ಸೋಮವಾರ.